ಗೋಣಿತಟ್ಟಿನ ಕಿಟಕಿ

೨೬ ಡಿಸೆಂಬರ್ ೧೯೯೦, ಬುಧವಾರ. ಬ್ಯಾಡಗಿ

ಬ್ಯಾಡಗಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದದ್ದೇ ತಡ, ಸೀನು ಶುರು. ರಸ್ತೆಯುದ್ದಕ್ಕೂ ಸೀನಿದೆ, ಅಳಿಯನ ಮನೆಯ ಹೊಸ್ತಿಲಲ್ಲೂ ಸೀನಿದೆ. ಬೇರೆ ಊರಾಗಿದ್ದರೆ ಹೊಸ್ತಿಲಲ್ಲಿ ಸೀನಿದವಳನ್ನು ತುಸು ಹೊತ್ತು ಹೊರಗೇ ಕೂರಿಸಿ ನೀರು ಕೊಡುತ್ತಿದ್ದರು. ಇಲ್ಲಿ ಯಾರೂ ತಲೆಯೆತ್ತಿ ಸಹ ನೋಡಲಿಲ್ಲ. ಈ ಊರಿನ ಗಾಳಿಯೇ ಮೆಣಸಿನಕಾಯಿ. ಮಾರ್ಕೆಟ್ಟಿನ ತುಂಬ ಕೆಂಪು ರಾಶಿ, ದಾರಿಯ ತುಂಬ ಚೆಲ್ಲಿದ ಬೀಜ. ಇಂಥಲ್ಲಿ ಮನುಷ್ಯರು ಹೇಗೆ ಬದುಕುತ್ತಾರೋ!

ನನ್ನ ಗಂಡನ ಮಗಳು ಶರೀಫಾ ಎಂಟನೆಯ ತಿಂಗಳಿಗೇ ಹಡೆದಿದ್ದಾಳೆ. ಹೆಣ್ಣು ಕೂಸು. 'ನನ್ನ ಮಗಳು' ಎಂದು ಬರೆಯಬಹುದಿತ್ತು, ಬರೆದರೆ ಈ ಡೈರಿಯೇ ನಕ್ಕೀತು. ಆಕೆಯ ತಾಯಿ ತೀರಿಕೊಂಡ ಮೇಲೆ ನಾನು ಈ ಮನೆತನಕ್ಕೆ ಬಂದವಳು, ಅದೂ ನಲವತ್ತರ ಹತ್ತಿರ. ಶರೀಫಾ ಆಗಲೇ ಮದುವೆಯಾಗಿ ಬ್ಯಾಡಗಿ ಸೇರಿದ್ದಳು. ನಾನು ಬಂದಾಗಿನಿಂದ ರಾಣೆಬೆನ್ನೂರಿನ ಮನೆಯ ಮೆಟ್ಟಿಲು ತುಳಿದಿಲ್ಲ. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು. 'ನನಗ ತವರಮನಿ ಇಲ್ಲ' ಎಂದು ಗಂಡನ ಮನೆಯಲ್ಲೇ ಉಳಿದಳು. ಅತ್ತೆಯೂ ಇಲ್ಲದ ಮನೆ. ಕೊನೆಗೆ ನನಗೇ ಕರೆ ಬಂತು. ಕರೆದವಳು ಅವಳಲ್ಲ, ಅಳಿಯ ಅಬ್ದುಲರಜಾಕ.

ಇವರು ಬರಲಿಲ್ಲ. ಪಿಂಜಾರರ ಗಾದಿ ಅಂಗಡಿಗೆ ಥಂಡಿಯ ದಿನಗಳೇ ಸುಗ್ಗಿ. ಇಡೀ ರಾಣೆಬೆನ್ನೂರೇ ರಜಾಯಿ ಬೇಕೆಂದು ಬಾಗಿಲಲ್ಲಿ ನಿಂತಿದೆ. "ನೀ ಮುಂದ ಹೋಗು ಸುಗರಾ, ನಾ ಹಿಂದಿಂದ ಬರ್ತೇನಿ" ಎಂದು ನುಣ್ಣಗೆ ಹಿಂಜಿದ ಅರಳೆಯ ಗಂಟೊಂದನ್ನು ಕೈಗೆ ಕೊಟ್ಟರು.

ಶರೀಫಾ ನನ್ನನ್ನು ನೋಡಿ ಹೇಳಿದ್ದು ಇಷ್ಟೇ: "ಬರ್ರಿ. ಕುಂದ್ರಿ."

ಕುಳಿತೆ. ಥಂಡಿ ಮುಗಿದ ಮರುದಿನವೇ ಬಸ್ಸು ಹತ್ತುತ್ತೇನೆ. ನನ್ನ ಹೊಲಿಗೆ ಕ್ಲಾಸಿನ ಹುಡುಗಿಯರು ಕಾಯುತ್ತಿದ್ದಾರೆ.

೨೭ ಡಿಸೆಂಬರ್

ಕೂಸು ಎಂದರೆ ಒಂದು ಹಿಡಿ. ಚರ್ಮದ ಕೆಳಗೆ ಜೀವ ಓಡಾಡುವುದು ಕಾಣುತ್ತದೆ. ದವಾಖಾನೆಯಿಂದ ಕಳಿಸುವಾಗ ಡಾಕ್ಟರಬಾಯಿ ಎರಡೇ ಮಾತು ಹೇಳಿದ್ದಾರಂತೆ: ಬೆಚ್ಚಗಿಡಿ, ಹನಿ ಹನಿಯಾಗಿ ಹಾಲು ಹಾಕಿ. ಮೇಲೊಂದು ಎಚ್ಚರಿಕೆ: ಉಸಿರಾಟ ಜೋರಾದರೆ ಕೂಡಲೇ ಹುಬ್ಬಳ್ಳಿಗೆ ಒಯ್ಯಿರಿ, ಇಂಥ ಕೂಸುಗಳನ್ನು ಇಡುವ ಗಾಜಿನ ಪೆಟ್ಟಿಗೆ ಅಲ್ಲಿದೆ. ಇವರು ಕೊಟ್ಟ ಅರಳೆಯಲ್ಲಿ ಸುತ್ತಿದೆ. ಮೂಗು, ಬಾಯಿ ಮಾತ್ರ ಹೊರಗೆ. ಒಳಲೆಯಿಂದ ಹಾಲು ಬಿಟ್ಟರೆ ಅರ್ಧ ಒಳಗೆ, ಅರ್ಧ ಗದ್ದಕ್ಕೆ.

ಮೆತ್ತನೆಯ ಹಳೆ ಬಟ್ಟೆ ಹುಡುಕಲು ಟ್ರಂಕು ತೆರೆದೆ. ಮೇಲೆಯೇ ಹಳೆ ಬಟ್ಟೆಯ ತುಂಡುಗಳ ಒಂದು ಕೌದಿ ಮಡಚಿಟ್ಟಿತ್ತು. ಹೊರಸಿನ ಮೇಲಿಂದ ಶರೀಫಾ ಅಂದಳು, "ಅದನ್ನ ಮುಟ್ಟಬ್ಯಾಡ್ರಿ."

ಅವಳ ತಾಯಿ ಹೊಲಿದದ್ದು ಎಂದು ರಜಾಕ ಆಮೇಲೆ ಹೇಳಿದ. ಒಂದು ಮೂಲೆ ತೆರೆದೇ ಇತ್ತು. ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಒಂಚೂರು ಸಿಹಿ, ನಾಲ್ಕು ಕಾಳು ಒಳಗಿಟ್ಟು ಹೊಲಿಯುತ್ತಾರೆ. ಕೌದಿಯ ಹೊಟ್ಟೆ ತುಂಬಿಸುವುದು ಎನ್ನುತ್ತಾರೆ ಅದಕ್ಕೆ. ಅದಾಗುವವರೆಗೆ ಯಾರೂ ಹೊದೆಯುವುದಿಲ್ಲ. ಆಕೆ ಅಲ್ಲಿಗೆ ಬರುವಷ್ಟರಲ್ಲಿ ತೀರಿಕೊಂಡಿದ್ದಾಳೆ. ಅಂದಿನಿಂದ ಅದು ಹಸಿದೇ ಮಲಗಿದೆ.

ಕಣ್ಣಿಗೆ ಬಿದ್ದಷ್ಟರಲ್ಲೇ ಹೇಳುವುದಾದರೆ, ಎಳೆಗಳು ಉದ್ದುದ್ದ, ಸಾಲು ಸೊಟ್ಟ. ನನ್ನ ಕ್ಲಾಸಿನಲ್ಲಾಗಿದ್ದರೆ ಬಿಚ್ಚಿಸಿ ಮತ್ತೆ ಹಾಕಿಸುತ್ತಿದ್ದೆ. ಆಕೆಯ ಹೆಸರು ಮೆಹಬೂಬಿ. ಇಲ್ಲಿ ಒಂದು ಸಲ ಬರೆದಿದ್ದೇನೆ, ಸಾಕು.

೩೦ ಡಿಸೆಂಬರ್, ರವಿವಾರ

ಇಂಥ ಮಂಜನ್ನು ನಾನು ಐರಣಿಯ ಹೊಳೆದಂಡೆಯಲ್ಲೂ ಕಂಡಿಲ್ಲ. ನಮ್ಮೂರಿನಲ್ಲಿ ಬೆಳಗ್ಗೆ ಹೊಳೆಯಿಂದ ಏಳುತ್ತಿತ್ತು, ರೊಟ್ಟಿ ಬಡಿಯುವಷ್ಟರಲ್ಲಿ ಹೋಗುತ್ತಿತ್ತು. ಇದು ಹಾಗಲ್ಲ, ಉಂಡುಟ್ಟು ಹೋಗಲು ಬಂದಿದೆ. ಎದುರು ಮನೆ ಕಾಣದು. ಬಕೆಟ್ಟಿನ ನೀರಿಗೆ ಕೈಯಿಟ್ಟರೆ ಚೇಳು ಕಡಿದಂತೆ. ಉತ್ತರದ ಕಡೆ ಹಿಮ ಬಿದ್ದಿದೆ, ಅಲ್ಲಿಂದ ಶೀತಗಾಳಿ ಬರುತ್ತಿದೆ ಎಂದು ರೇಡಿಯೋದವನು ಹೇಳಿದ. "ಅಲ್ಲೇ ಬಿಳೇದು ಬಿದ್ದದ, ಇಲ್ಲಿ ಕೆಂಪಂದು ಬಿದ್ದದ, ಎರಡೂ ಕಣ್ಣಾಗ ನೀರ ತರಸ್ತಾವು" ಎಂದು ಪಕ್ಕದ ಮನೆಯ ಗುತ್ತೆವ್ವ ನಕ್ಕಳು. ಮಾರ್ಕೆಟ್ಟಿನಲ್ಲಿ ಕಾಯಿ ಹಸಿ ಹಿಡಿದು ವ್ಯಾಪಾರವೇ ತಡವಂತೆ.

ಬಾಣಂತಿ ಕೋಣೆಯ ಕಿಟಕಿಗೆ ಬರೀ ಸರಳು, ಬಾಗಿಲಿಲ್ಲ. ಮಂಜು ನೆಂಟರ ಹಾಗೆ ನೇರ ಒಳಗೆ. ರಜಾಕನ ವ್ಯಾಪಾರ ಹಳೆಯ ಚೀಲದ್ದು, ಅಂಗಳದ ತುಂಬ ಗೋಣಿಚೀಲದ ಗುಡ್ಡ.

"ಜ್ವಾಳದ ಚೀಲ ಇದ್ರ ಕೊಡಪಾ, ಕಿಟಕಿಗೆ ಬಡಿಯೋಣು" ಅಂದೆ.

"ಜ್ವಾಳದ್ದೆಲ್ಲಾ ಹ್ವಾದುವ್ರಿ ಅತ್ತಿ. ಮೆಣಸಿನಕಾಯಿವು ಅದಾವು. ಝಾಡಿಸಿ ಕೊಡ್ತೇನಿ ತಗೋರಿ."

ಝಾಡಿಸಿದ. ನಾನೂ ಝಾಡಿಸಿದೆ. ಕಣ್ಣು ಉರಿಯಿತು, ಸೀನಿದೆ, ಆದರೆ ಇಲ್ಲಿ ಅದೇನು ದೊಡ್ಡ ವಿಷಯವೇ? ಬಿಡಿಸಿ ಹೊಲಿದು ಪರದೆ ಮಾಡಿ ಮೊಳೆ ಹೊಡೆದೆವು. ಗಾಳಿ ನಿಂತಿತು. ನನ್ನ ಕೆಲಸ ನನಗೇ ಮೆಚ್ಚಿಗೆಯಾಯಿತು. ಮೆಚ್ಚುವವರು ಬೇರೆ ಯಾರಿದ್ದಾರೆ?

೧ ಜನವರಿ ೧೯೯೧

ಹೊಸ ವರ್ಷವಂತೆ. ಮಂಜಿನಲ್ಲಿ ಹೇಗೆ ದಾರಿ ಸಿಕ್ಕಿತೋ ಅದಕ್ಕೆ. ಕೂಸು ಹಾಲು ಕುಡಿಯಿತು.

೩ ಜನವರಿ, ಗುರುವಾರ

ಕೂಸನ್ನು ಎದೆಗವಚಿಕೊಂಡೇ ಇರಬೇಕು, ಮೈಯ ಶಾಖವೇ ಒಳ್ಳೆಯದು ಎಂದು ಡಾಕ್ಟರಬಾಯಿ ಹೇಳಿಕಳಿಸಿದರು. ಶರೀಫಾ ಹಗಲೂ ರಾತ್ರಿ ಹಾಗೇ ಮಲಗಿ ಬೆನ್ನು ಬಿದ್ದುಹೋಗಿದೆ. ಇಂದು ಮಧ್ಯಾಹ್ನ ಅವಳೇ ಕೂಸನ್ನು ಎತ್ತಿ ನನ್ನ ಕಡೆ ಚಾಚಿದಳು. ಮುಖ ಗೋಡೆಯ ಕಡೆಗಿತ್ತು.

"ತಗೋರಿ ಒಂದೀಟು. ನಾ ಬೆನ್ನ ಹಚ್ಚತೇನಿ."

ಕುಪ್ಪಸದ ಗುಂಡಿ ಬಿಚ್ಚಿ ಕೂಸನ್ನು ಒಳಗಿಟ್ಟುಕೊಂಡು ಮೇಲೆ ಶಾಲು ಹೊದ್ದು ಕುಳಿತೆ. ಎಷ್ಟು ಹೆದರಿಕೆಯಾಯಿತೆಂದರೆ ಉಸಿರಾಡುವುದನ್ನೇ ಮರೆತೆ. ಆಮೇಲೆ ಅದರ ಉಸಿರಿನ ಜೊತೆ ನನ್ನದೂ ಹೊಂದಿಕೊಂಡಿತು. ಇಷ್ಟು ವರ್ಷದಲ್ಲಿ ಯಾವ ಜೀವವೂ ನನ್ನ ಮೈಗೆ ಹೀಗೆ ಅಂಟಿಕೊಂಡು ಮಲಗಿರಲಿಲ್ಲ. ಸಂತೋಷವಾಯಿತು. ಸಂತೋಷವಾಯಿತೆಂದು ಯಾರಿಗೆ ಹೇಳಲಿ, ಇಲ್ಲಿ ಬರೆಯುತ್ತಿದ್ದೇನೆ.

ಸಂಜೆ ಲೋಬಾನದ ಹೊಗೆ ಹಾಕಲು ಹೋದೆ. "ಬ್ಯಾಡ್ರಿ, ಕೂಸಿಗೆ ಹೊಗಿ ಆಗೂದಿಲ್ಲ" ಎಂದು ಗದರಿದಳು. ಗದರಿಸಿಕೊಂಡೆ. ಹುಡುಗಿ ಹೇಳಿದ್ದು ಖರೆ.

೫ ಜನವರಿ

ಕೂಸು ಸೀನುತ್ತಿದೆ. ಒಂದು ಬಾರಿ ಹಿಡಿದರೆ ಮೇಲಿಂದ ಮೇಲೆ, ಮುಖ ಕೆಂಪಾಗುವವರೆಗೆ. ನೆಗಡಿಯೇ ಇರಬೇಕು. ಇನ್ನೂ ಎಲ್ಲಿಂದಲೋ ಥಂಡಿ ನುಸುಳುತ್ತಿದೆ ಎಂದು ಕಿಟಕಿಗೆ ಇನ್ನೊಂದು ಪದರು ಗೋಣಿ ಹೊಡೆಸಿದೆ. ಬಾಗಿಲಿಗೂ ಒಂದು ಇಳಿಬಿಟ್ಟೆ. ಅಗ್ಗಿಷ್ಟಿಕೆಗೆ ಇದ್ದಿಲು ಹೆಚ್ಚಿಗೆ ಹಾಕಿ ಕಿಟಕಿಯ ಹತ್ತಿರವೇ ಸರಿಸಿದೆ. ಮಂಜಿಗೆ ತೊಯ್ದಿದ್ದ ಗೋಣಿಗಳು ಹಪ್ಪಳದ ಹಾಗೆ ಗರಿಗರಿ ಒಣಗಿದವು. ಕೋಣೆ ಈಗ ಬೆಚ್ಚಗಿದೆ.

ಗುತ್ತೆವ್ವ ಬಂದು, "ಎವ್ವಾ, ಛಲೋ ಮಾಡೀರಿ ನೋಡ್ರಿ, ಒಲಿ ಮುಂದ ಕುಂತಂಗ ಐತಿ" ಎಂದಳು. ಅವಳ ಮೂಗು ಹುಟ್ಟಿದಾಗಿನಿಂದ ಬ್ಯಾಡಗಿಯದು.

೬ ಜನವರಿ, ರವಿವಾರ

ಕೂಸಿಗೆ ಆರಾಮಿಲ್ಲ. ಕಣ್ಣಿನಲ್ಲಿ ನೀರು, ಮೂಗಿನಲ್ಲಿ ನೀರು. ಉಸಿರು ಗುರುಗುರು ಎನ್ನುತ್ತದೆ. ಎದೆಗೂಡು ಒಳಗೆ ಸೆಳೆಯುತ್ತದೆ. ಮಧ್ಯಾಹ್ನದಿಂದ ಹಾಲು ಬಿಟ್ಟಿದೆ. ರಜಾಕ ಅಡತಿ ಅಂಗಡಿಯಿಂದ ರಾಣೆಬೆನ್ನೂರಿಗೆ ಫೋನು ಮಾಡಿ ಇವರಿಗೆ ಸುದ್ದಿ ಮುಟ್ಟಿಸಿದ. ಹುಬ್ಬಳ್ಳಿಗೆ ಒಯ್ಯಲು ಕೇಳಿದರೆ ಜೀಪಿನವನು, "ಇಂಥಾ ಮಂಜಿನಾಗ ಮೋಟೆಬೆನ್ನೂರ ದಾಟಿ ಹೈವೇಗೆ ಬಂಡಿ ಹಾಕಾಂಗಿಲ್ಲ. ನಾಳಿ ಬಿಸಲ ಬೀಳಲಿ, ಒಯ್ಯತೇನಿ" ಎಂದನಂತೆ. ನಿನ್ನೆ ಅಲ್ಲಿ ಲಾರಿಗೆ ಲಾರಿ ಬಡಿದಿವೆ. ಅವನನ್ನು ಬೈಯುವಂತಿಲ್ಲ.

ಶರೀಫಾ ಅಳುತ್ತಿಲ್ಲ. ಅದೇ ನನಗೆ ಹೆದರಿಕೆ.

"ನಮ್ಮವ್ವ ಇದ್ದಿದ್ರ ಇದು ಹಿಂಗ ಆಕ್ಕಿದ್ದಿಲ್ಲ" ಅಂದಳು. ನನಗೆ ಸಿಟ್ಟು ಬರಲಿಲ್ಲ. ಹೌದು, ಇದ್ದಿದ್ದರೆ ಹೀಗಾಗುತ್ತಿರಲಿಲ್ಲವೇನೋ.

"ಕೊಡು ಇಲ್ಲೆ" ಎಂದು ಕೂಸನ್ನು ಎದೆಗಿಟ್ಟುಕೊಂಡೆ. ಈಗ ಬರೆಯುತ್ತಿರುವುದೂ ಹಾಗೇ, ಒಂದು ಕೈಯಲ್ಲಿ.

೭ ಜನವರಿ, ಸೋಮವಾರ. ಸಂಜೆ

ಸಾವಕಾಶವಾಗಿ ಬರೆಯುತ್ತೇನೆ.

ಬೆಳಗ್ಗೆಯಿಂದ ಬಿಸಿಲಿಗೆ ಕಾದೆವು. ಜೀಪು ಓಣಿಯ ಬಾಯಿಗೆ ಬಂದು ನಿಂತಿತ್ತು, ಮಂಜು ಮಾತ್ರ ಸರಿಯಲೊಲ್ಲದು. ಗಂಟು ಕಟ್ಟಿಟ್ಟಿದ್ದೆ. ಕೂಸಿನ ತುಟಿ ನೀಲಿಯೋ ಏನೋ ಎಂದು ಘಳಿಗೆಗೊಮ್ಮೆ ನೋಡುವುದು, ಕತ್ತಲ ಕೋಣೆಯಲ್ಲಿ ಬಣ್ಣವೂ ತಿಳಿಯದು. ಅಷ್ಟರಲ್ಲಿ ಇವರು ಬಂದರು. ಮುಂಜಾನೆಯ ಬಸ್ಸು ಆಮೆಯ ಹಾಗೆ ತೆವಳಿ ಆಗ ಮುಟ್ಟಿತ್ತಂತೆ. ತಲೆಗೆ ರುಮಾಲು, ಬಗಲಲ್ಲಿ ಕೂಸಿಗೆಂದು ಹೊಲಿದ ಪುಟ್ಟ ಗಾದಿ.

ಬಾಗಿಲಿನ ಗೋಣಿ ಸರಿಸಿ ಒಳಗೆ ಕಾಲಿಟ್ಟವರೇ ಸೀನಿದರು. "ಕೂಸು ಹ್ಯಾ..." ಎಂದು ಶುರು ಮಾಡಿ ಮತ್ತೆ ಸೀನಿದರು. ಮೂರನೆಯ ಸೀನಿಗೆ ಗಾದಿ ಕೈಯಿಂದ ಜಾರಿ ಬಿತ್ತು. ಗೋಡೆ ಹಿಡಿದು, ಕಣ್ಣೊರೆಸಿಕೊಳ್ಳುತ್ತ ಹೊರಗೋಡಿದರು. ನನಗೆ ಸಿಟ್ಟು ನೆತ್ತಿಗೇರಿತು.

"ಇದೇನ್ರಿ, ಕೂಸಿನ ಜೀವಾ ಹೋಗಾಕತ್ತೈತಿ, ನೀವು ಸೀನಕೋಂತ ನಿಂತೀರಿ?"

ಅವರು ಅಂಗಳದಿಂದಲೇ ಕೂಗಿದರು. "ಒಳಗ ಏನ ಹುರಿಯಾಕತ್ತೀರಿ? ಖಾರಾ ಕುಟ್ಟಾಕತ್ತೀರೇನು? ಉಸರ ಆಡಾಕ ಆಗವಲ್ದು!"

"ಯಾರ ಖಾರಾ ಕುಟ್ಟತಾರ..." ಎಂದವಳು ಅಲ್ಲಿಗೇ ನಿಂತೆ. ಶರೀಫಾ ನನ್ನನ್ನು ನೋಡಿದಳು, ನಾನು ಅವಳನ್ನು. ಇಬ್ಬರ ಕಣ್ಣೂ ಒಟ್ಟಿಗೇ ಕಿಟಕಿಗೆ ಹೋದವು. ಅಗ್ಗಿಷ್ಟಿಕೆಯ ಬೆಳಕಿನಲ್ಲಿ ಗೋಣಿಯಿಂದ ಕೆಂಪು ದೂಳು ಸಣ್ಣಗೆ ಉದುರುತ್ತಲೇ ಇತ್ತು. ಹೊರಗಿನ ಗಾಳಿ ತಳ್ಳಿದಾಗಲೆಲ್ಲ ಒಂದಿಷ್ಟು. ಬರುವಾಗ ದಾರಿಯುದ್ದಕ್ಕೂ ಸೀನಿದ ನಾನು, ಗೋಣಿ ಬಡಿದ ಮೇಲೆ ಆ ಕೋಣೆಯಲ್ಲಿ ಹಗಲೂ ರಾತ್ರಿ ಕುಳಿತು ಒಮ್ಮೆಯೂ ಸೀನಿರಲಿಲ್ಲ. ನನ್ನ ಮೂಗು ಯಾವಾಗ ಸತ್ತಿತೋ ತಿಳಿಯದು.

ನಾನು ಕೂಸನ್ನು ಸೆರಗಿನೊಳಗೆ ಮುಚ್ಚಿಕೊಂಡು ಹೊರಗೋಡಿದೆ. ಆ ಮಂಜಿಗೆ, ಆ ಥಂಡಿಗೆ! ಗುತ್ತೆವ್ವ ಎದೆ ಬಡಿದುಕೊಂಡಳು. ಇವರು ತಮ್ಮ ಸ್ವೆಟರು ಬಿಚ್ಚಿ ನಮ್ಮಿಬ್ಬರ ಮೇಲೂ ಹೊದಿಸಿದರು. ಗುತ್ತೆವ್ವನ ಅಡುಗೆಮನೆಯಲ್ಲಿ, ಒಲೆಯ ಮುಂದೆ ಕುಳಿತೆ. ಅತ್ತ ರಜಾಕ ಗೋಣಿಗಳನ್ನು ಕಿತ್ತು ಹೊರಗೆಸೆದ, ನೆಲ ಒರೆಸಿದ, ಗೋಡೆ ಒರೆಸಿದ, ಮೊಳೆ ಬಡಿದ ಜಾಗವನ್ನೂ ಒದ್ದೆ ಬಟ್ಟೆಯಿಂದ ತಿಕ್ಕಿದ. ಶರೀಫಾ ಬಾಣಂತಿ ಎಂಬುದನ್ನು ಮರೆತು ಬರಿಗಾಲಲ್ಲೇ ನನ್ನ ಹಿಂದೆ ಬಂದಿದ್ದಳು. ಅವಳ ಕಾಲನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ತಿಕ್ಕಿದೆ.

ಕೂಸು ಇನ್ನೊಂದಿಷ್ಟು ಸೀನಿತು. ಆಮೇಲೆ ಬಿಟ್ಟಿತು. ಗುರುಗುರು ನಿಧಾನವಾಗಿ ಇಳಿಯಿತು. ಒಳಲೆ ಬಾಯಿಗಿಟ್ಟಾಗ ನಾಲಿಗೆ ಚಾಚಿತು. ಆಗ ಶರೀಫಾ ಅತ್ತಳು. ನಾನೂ ಅತ್ತೆ, ಜೋರಾಗಿಯೇ.

ಮಧ್ಯಾಹ್ನ ಡಾಕ್ಟರಬಾಯಿ ತಾವೇ ಬಂದು ನೋಡಿದರು. ಎದೆಗೆ ಸ್ಟೆತಾಸ್ಕೋಪು ಇಟ್ಟು ಬಹಳ ಹೊತ್ತು ಕೇಳಿದರು. ಶ್ವಾಸಕೋಶಕ್ಕೆ ಇಳಿದಿಲ್ಲ, ಹುಬ್ಬಳ್ಳಿ ಬೇಡ ಎಂದರು. ಜೀಪಿನವನು ಚಹಾ ಕುಡಿದು ಹೋದ.

ತಪ್ಪು ನನ್ನದೇ. ಗೋಣಿ ಕೇಳಿದವಳು ನಾನು, ಎರಡನೆಯ ಪದರು ಹೊಡೆಸಿದವಳು ನಾನು. ಶರೀಫಾಳಿಗೆ ಹಾಗೇ ಹೇಳಿದೆ. ಅವಳು, "ನಾ ಇಲ್ಲೇ ಇದ್ದಾಕಿ. ನನಗರೆ ಎಲ್ಲಿ ತಿಳೀತು? ಸುಮ್ನಿರು ಸಾಕು" ಅಂದಳು. ಹುಡುಗಿಗೆ ಮಾತಿನಲ್ಲಿ ಸ್ವಲ್ಪವೂ ನಯವಿಲ್ಲ.

ಕಿಟಕಿ ಬರಿದಾಗಿ ಮತ್ತೆ ಮಂಜು ಒಳಗೆ ಬರತೊಡಗಿತು. ಗಾದಿ ಕೂಸಿನ ಕೆಳಗೆ ಬೇಕು. ಶಾಲು ನನಗೂ ಕೂಸಿಗೂ ಬೇಕು. ಏನು ಕಟ್ಟುವುದೆಂದು ನೋಡುತ್ತಿದ್ದಾಗ ಶರೀಫಾ ಟ್ರಂಕಿನ ಕಡೆ ಕೈ ತೋರಿಸಿದಳು.

"ಅದನ್ನ ತಗದ ಕಟ್ಟು. ಹೊಚ್ಚೂದಲ್ಲ, ಕಟ್ಟೂದಷ್ಟ."

ಇವರು ಮುಖ ಆಚೆ ತಿರುಗಿಸಿ ಮತ್ತೆ ಸೀನಿದ ಹಾಗೆ ಮಾಡಿದರು. ಸೀನಲಿಲ್ಲ.

೮ ಜನವರಿ

ಬೆಳಗ್ಗೆ ಬೆಳಕು ಕೌದಿಯ ಮೂಲಕ ಬಂತು. ಹೊರಸಿನ ಪಕ್ಕ ಕುಳಿತು ಒಂದೊಂದೇ ತುಂಡು ನೋಡಿದೆ. ಇದು ಇವರ ಲುಂಗಿ. ಇದು ಶರೀಫಾಳ ಶಾಲೆಯ ಲಂಗ, ನೀಲಿ. ಹಸಿರು ಸೀರೆ ಆಕೆಯದೇ ಇರಬೇಕು, ನಡುವೆ ಅದೇ ಹೆಚ್ಚು. ಸಾಲುಗಳು ಸೊಟ್ಟವೇ. ಆದರೆ ಎಲ್ಲೂ ದಾರ ತುಂಡಾಗಿಲ್ಲ. ತೆರೆದ ಮೂಲೆಯೊಂದೇ ಗಾಳಿಗೆ ಪಟಪಟ ಎನ್ನುತ್ತದೆ.

ಇವರು ಊರಿಗೆ ಹೋದರು. ರಜಾಯಿಗಳು ಕಾದಿವೆ. "ಬಾ ಅಂದ್ರ ಬರ್ತೀಯೇನು?" ಎಂದು ಮೆಲ್ಲಗೆ ಕೇಳಿದರು. ಇನ್ನೂ ಥಂಡಿ ಇದೆ, ಹೇಗೆ ಬರಲಿ ಅಂದೆ.

೧೨ ಜನವರಿ, ಶನಿವಾರ

ಒಳ್ಳೆಯ ಬಿಸಿಲು. ಮಾರ್ಕೆಟ್ಟಿನ ಕಡೆ ಹಮಾಲರ ಕೂಗು ಮತ್ತೆ ಜೋರಾಗಿದೆ. ಬೆಳಗಿನ ಮಂಜು ಬೇಗನೆ ಹರಿಯಿತು. ಆದರೂ ಹರಿಯಿತೆಂದು ನಂಬುವಂತಿಲ್ಲ, ಇನ್ನೊಂದು ವಾರವಾದರೂ ಇಲ್ಲಿರಬೇಕಾದೀತು. ಕ್ಲಾಸಿನ ಹುಡುಗಿಯರು ತಾವೇ ಏನಾದರೂ ಹೊಲಿದುಕೊಂಡಿರಲಿ.

ಬಾಣಂತಿಗೆ ಅಂಟಿನ ಉಂಡೆ ಕಟ್ಟುತ್ತಿದ್ದೆ. ಶರೀಫಾ ಕೌದಿಯನ್ನು ಬಿಚ್ಚಿ ತಂದು ನನ್ನ ಮುಂದೆ ಹರಡಿದಳು. ಮೇಲೆ ಸೂಜಿ, ದಾರ.

"ಇದರ ಹೊಟ್ಟಿ ತುಂಬಿಸಿ ಮುಚ್ಚಿಬಿಡು. ಕೂಸಿಗೆ ಹೊಚ್ಚಬೇಕು."

"ನೀನ ಮುಚ್ಚು. ನಿಮ್ಮವ್ವಂದು."

"ನನಗ ಹೊಲಿಯಾಕ ಬರೂದಿಲ್ಲ. ನೀ ಮಾಸ್ತರಬಾಯಿ, ನಿನಗ ಬರ್ತೈತಿ."

ಒಂಚೂರು ಅಂಟಿನ ಉಂಡೆ ಮುರಿದು, ನಾಲ್ಕು ಗೋಧಿಕಾಳು ಸೇರಿಸಿ ಮೂಲೆಯೊಳಗೆ ಇಟ್ಟೆ. ಸೂಜಿ ಪೋಣಿಸಿದೆ. ನನ್ನ ಕೈ ತನ್ನಷ್ಟಕ್ಕೆ ಸಣ್ಣ ಎಳೆ ಹಾಕಲು ಹೊರಟಿತು, ಅಕ್ಕಿಕಾಳಿನ ಹಾಗೆ, ನೇರವಾಗಿ. ನಾಲ್ಕು ಹಾಕಿ ಬಿಚ್ಚಿದೆ. ಮೆಹಬೂಬಿಯ ಕೈ ಎಲ್ಲಿ ನಿಂತಿತ್ತೋ ಅಲ್ಲಿಂದ, ಅವಳಷ್ಟೇ ಉದ್ದುದ್ದ, ಅವಳಷ್ಟೇ ಸೊಟ್ಟ ಹಾಕುತ್ತ ಹೋದೆ. ಇಷ್ಟು ವರ್ಷ ಕಲಿಸಿದ್ದೇನೆ, ಇಷ್ಟು ಕಷ್ಟದ ಹೊಲಿಗೆ ಹಾಕಿರಲಿಲ್ಲ. ಮುಗಿಸುವಷ್ಟರಲ್ಲಿ ಬೆವೆತಿದ್ದೆ.

ಶರೀಫಾ ಅಂಚಿನುದ್ದಕ್ಕೂ ಬೆರಳಾಡಿಸಿದಳು. ಮೂಲೆ ದಾಟಿ ಮುಂದೆ ಹೋದಳು, ಮತ್ತೆ ಹಿಂದೆ ಬಂದಳು. ನನ್ನ ಎಳೆ ಎಲ್ಲಿಂದ ಶುರುವೆಂದು ಹುಡುಕುತ್ತಿದ್ದಳು. ಅದನ್ನು ಕೂಸಿನ ಮೇಲೆ ಹೊದಿಸಿದಳು. ಕೌದಿ ದೊಡ್ಡದು, ಕೂಸು ಚಿಕ್ಕದು. ಮಿಕ್ಕಿದ್ದನ್ನು ನಾವಿಬ್ಬರೂ ಕಾಲ ಮೇಲೆ ಎಳೆದುಕೊಂಡು ಉಂಡೆ ತಿಂದೆವು.

೧೭ ಜನವರಿ, ಗುರುವಾರ. ರಾಣೆಬೆನ್ನೂರು

ಕಾರು ಮಾಡಿಕೊಂಡು ಬಂದೆವು, ಮಧ್ಯಾಹ್ನದ ಬಿಸಿಲಿನಲ್ಲಿ. ಬಾಣಂತನದ ಉಳಿದ ದಿನ ಇಲ್ಲೇ ಎಂದು ಶರೀಫಾ ತಾನೇ ಗಂಡನಿಗೆ ಹೇಳಿದ್ದಳು. ರಜಾಕ ಮೋಟೆಬೆನ್ನೂರಿನವರೆಗೆ ಸೈಕಲ್ಲಿನಲ್ಲಿ ಹಿಂದೆ ಬಂದು, ಅಲ್ಲಿ ಕಾದು ನಿಂತಿದ್ದ ಕಾರಿನಲ್ಲಿ ಕೂಸಿನ ಮುಖ ಮತ್ತೊಮ್ಮೆ ನೋಡಿ ತಿರುಗಿಹೋದ. ಅವನಿಗೂ ಈ ಮನೆಯಲ್ಲಿ ಊಟಕ್ಕೇನು ಕೊರತೆ? ವಾರಕ್ಕೊಮ್ಮೆ ಬರುತ್ತಾನಂತೆ.

ಓಣಿಯ ಹೆಂಗಸರು, ಇವರ ಅಂಗಡಿಯ ಆಳುಗಳು ಎಲ್ಲ ಕೂಸು ನೋಡಲು ಪಡಸಾಲೆಯಲ್ಲಿ ಸೇರಿದ್ದರು. ಶರೀಫಾ ಮೆಟ್ಟಿಲು ಹತ್ತಿ ಹೊಸ್ತಿಲ ಮೇಲೆ ಒಂದು ಗಳಿಗೆ ನಿಂತಳು. ಒಳಗೆ ಏನೇನು ಬದಲಾಗಿದೆ ಎಂದು ನೋಡಿದಳೋ ಏನೋ. ನಾನು ಏನನ್ನೂ ಬದಲಿಸಿಲ್ಲ. ಬದಲಿಸಲು ಧೈರ್ಯವೇ ಇರಲಿಲ್ಲ.

ಅವಳು ಹಿತ್ತಲ ಕಡೆಯ ಬಿಸಿಲಿನಲ್ಲಿ ಕೂಸನ್ನು ಹಿಡಿದು ಕುಳಿತಳು. ನಾನು ಪಡಸಾಲೆಯಲ್ಲಿ ನನ್ನ ಸೀರೆಯ ಗಂಟು ಬಿಚ್ಚಿ ಒಂದು ಸಲ ಝಾಡಿಸಿದೆ, ಅಷ್ಟೇ. ಇವರು ಸೀನಿದರು. ಆಳುಗಳು ಸೀನಿದರು. ಹೆಂಗಸರೆಲ್ಲ ಸೆರಗು ಮೂಗಿಗಿಟ್ಟುಕೊಂಡು ಅಂಗಳಕ್ಕೆ ಓಡಿದರು. "ಏನ ತಂದೀ ಮಾರಾಯ್ತಿ!" ಎಂದು ಇವರು ಕಣ್ಣೊರೆಸಿಕೊಂಡರು. ಏನು ತಂದಿದ್ದೇನೆಂದು ನನಗೆ ತಿಳಿಯಲೇ ಇಲ್ಲ. ಸೀರೆ ಮೂಸಿ ನೋಡಿದೆ. ಏನೂ ಇಲ್ಲ.

ಹಿತ್ತಲಿನಿಂದ ಶರೀಫಾ ನಗುತ್ತ ಕೂಗಿದಳು. "ಅಪ್ಪಾ, ನೀವ ಸೀನ್ಕೋರಿ ಎಲ್ಲಾರೂ. ನಮಗ ರೂಢಿ ಆಗೇತಿ."

ಸೀರೆಯನ್ನು ಹೊರಗೆ ಒಯ್ದು ನೀರಿಗೆ ಹಾಕಿ ಕೈ ತೊಳೆದು ಅವಳ ಪಕ್ಕ ಹೋಗಿ ಕುಳಿತೆ. ಕೌದಿಯೊಳಗೆ ಮೆಹಬೂಬಿ ನಿದ್ದೆಯಲ್ಲಿದ್ದಳು. ಕೂಸಿಗೆ ನಲವತ್ತು ದಿನವಾದ ಮೇಲೆ ಹೆಸರಿಡುವುದು ಎಂದಿದ್ದಾರೆ, ನಾನು ಮಾತ್ರ ಮೊನ್ನೆಯಿಂದ ಹಾಗೇ ಕರೆಯುತ್ತಿದ್ದೇನೆ. ಹಾಲಿನ ಹೊತ್ತಾಗಿತ್ತು, ಎಬ್ಬಿಸಿದೆ.